ನಾಲೆಗೆ ಕಾಲಿಟ್ಟು ಕೂತವನು

ಪಕ್ಕದ ಮನೆಯಲ್ಲಿ ಮುಂದಿನ ವಾರ ಮದುವೆ. ಅಂಗಡಿಯಲ್ಲಿ ಕೊಳವೆಗೆ ತುಂಬಿದ ಮೆಹಂದಿ ಸಿಗುವ ಈ ಕಾಲದಲ್ಲೂ ಆ ಮನೆಯ ಅಜ್ಜಿ ಹಠ ಹಿಡಿದು ಹಿತ್ತಲಿನ ಗೋರಂಟಿ ಸೊಪ್ಪನ್ನೇ ಒರಳಿಗೆ ಹಾಕಿ ರುಬ್ಬಿಸುತ್ತಿದ್ದಾರೆ. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಒಂದು ಮನೆಯ ಗೋಡೆಗೂ ಇನ್ನೊಂದರ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಹಾಗಾಗಿ ಅವರ ಒಗ್ಗರಣೆ ನಮಗೆ, ನಮ್ಮ ಜಗಳ ಅವರಿಗೆ. ಬೆಳಗ್ಗೆ ಪೇಪರು ಹಿಡಿದು ಕೂತಿದ್ದ ನನಗೆ ಹಸಿ ಗೋರಂಟಿಯ ವಾಸನೆ ಬಡಿದದ್ದೇ, ಓದುತ್ತಿದ್ದ ಸಾಲು ತಪ್ಪಿಹೋಯಿತು. ಆ ವಾಸನೆಗೆ ನಿಮಗೆ ಹಬ್ಬವೋ ಹೆಣ್ಣುಮಕ್ಕಳ ಅಂಗೈಯೋ ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ತಮ್ಮ ಪುಟ್ಟಸ್ವಾಮಿಯ ಅಂಗಾಲು.

ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಅವನು ಹುಟ್ಟಿದ್ದು ನನಗೆ ಹತ್ತು ವರ್ಷವಾದ ಮೇಲೆ. ಏಳೆಂಟು ವರ್ಷದವನಾದಾಗಿನಿಂದ ಅವನಿಗೆ ಅಂಗೈ ಅಂಗಾಲು ಉರಿ. ಬಿಸಿಲು ಏರಿದರೆ ಉರಿ, ಜ್ವರ ಬಂದರೆ ಉರಿ, ಓಡಿದರೆ ಉರಿ. 'ಕೆಂಡ ತುಳ್ದಂಗಾಯ್ತದೆ ಕಣವ್ವ' ಅನ್ನುತ್ತಿದ್ದ. ಅವ್ವ ಗೋರಂಟಿ ರುಬ್ಬಿ ಅಂಗಾಲಿಗೆ ಮೆತ್ತುತ್ತಿದ್ದಳು, ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಉಷ್ಣದ ಮೈ ಎಂಬುದು ಊರಿನ ತೀರ್ಮಾನ. ಕೆಂಪು ಅಂಗಾಲು ಕಂಡು ಶಾಲೆಯಲ್ಲಿ ಅವನನ್ನು ಮದುವಣಗಿತ್ತಿ ಎಂದು ಕರೆಯುತ್ತಿದ್ದರು. ಅವನಿಗೆ ನೆಮ್ಮದಿ ಸಿಗುತ್ತಿದ್ದದ್ದು ಒಂದೇ ಕಡೆ, ನಮ್ಮ ಕಬ್ಬಿನ ಗದ್ದೆಯ ಪಕ್ಕದ ಕಿರುನಾಲೆಯಲ್ಲಿ. ಏರಿಯ ಮೇಲೆ ಕೂತು, ಕಾಲನ್ನು ಮೊಣಕಾಲವರೆಗೆ ನೀರಿಗೆ ಬಿಟ್ಟು, ಗಂಟೆಗಟ್ಟಲೆ ಇರುತ್ತಿದ್ದ. ಉಳಿದವರೆಲ್ಲ ಸೋಗೆ ಹೊರುತ್ತಿರುವಾಗ ಒಬ್ಬ ಹಾಗೆ ಕೂತರೆ ರೈತನ ಮನೆಯಲ್ಲಿ ಅದಕ್ಕೆ ಏನು ಹೆಸರು ಬೀಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

'ಗದ್ದೆ ಕೆಲ್ಸ ಅಂದ್ರೆ ಕಾಲುರಿ. ಮುದ್ದೆ ಮುಂದೆ ಕುಂತಾಗ ಯಾವ ಉರೀನೂ ಇಲ್ಲ' ಎನ್ನುತ್ತಿದ್ದರು ಅಪ್ಪ. ಅವರು ಕೆಟ್ಟವರಲ್ಲ. ಮೈ ಮುರಿದು ದುಡಿಯುವುದೊಂದೇ ಅವರಿಗೆ ಗೊತ್ತಿದ್ದ ಧರ್ಮ.

ಇನ್ನು ನನ್ನ ವಿಷಯ. ನಾನು ಡ್ರಿಲ್ ಮಾಸ್ತರು. ನಿವೃತ್ತಿಯಾಗಿ ಎರಡು ವರ್ಷವಾದರೂ ಕೊರಳಲ್ಲಿ ಪೀಪಿ ಇಲ್ಲದಿದ್ದರೆ ಏನೋ ಮರೆತು ಬಂದ ಹಾಗೆ ಆಗುತ್ತದೆ. ಹೆಂಡತಿ ಹೇಳುವಂತೆ, ತರಕಾರಿ ತರಲು ಹೋದರೂ ನಾನು ಬದನೆಕಾಯಿಗಳನ್ನು ಸಾಲಾಗಿ ನಿಲ್ಲಿಸಿ ಆರಿಸುತ್ತೇನೆ. ನನಗೆ ಮೊದಲ ನೌಕರಿ ಸಿಕ್ಕಿದ್ದು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ, ಆಗ ಪುಟ್ಟಸ್ವಾಮಿ ಅಲ್ಲೇ ಎಂಟನೇ ಕ್ಲಾಸು. ಹೊಸ ಮೇಷ್ಟ್ರ ತಮ್ಮ ಡ್ರಿಲ್ ಪಿರಿಯಡ್ಡಿನಲ್ಲಿ ನಲ್ಲಿಯ ಹತ್ತಿರ ನೆರಳಲ್ಲಿ ನಿಲ್ಲುತ್ತಾನೆಂದು ಹುಡುಗರು ಗುಸುಗುಸು ಮಾಡುತ್ತಿದ್ದರು. ನನಗೆ ಮಾನದ ಪ್ರಶ್ನೆ. ಒಂದು ದಿನ, ಮಾರ್ಚಿ ತಿಂಗಳ ಮಧ್ಯಾಹ್ನ, ಎಲ್ಲರ ಮುಂದೆ ಕರೆದು ಮೈದಾನಕ್ಕೆ ಮೂರು ಸುತ್ತು ಓಡು ಅಂದೆ. ಅವನು ನನ್ನ ಮುಖ ನೋಡಿದ. 'ಆಗಕಿಲ್ಲ ಕಣಣ್ಣ' ಅಂದ. 'ಇಲ್ಲಿ ಅಣ್ಣ ಯಾರೂ ಇಲ್ಲ' ಅಂದೆ ನಾನು. ಓಡಿದ. ಮುಖ ಒಣಮೆಣಸಿನಕಾಯಿಯಂತೆ ಕೆಂಪಾಯಿತು, ಹಣೆಯಲ್ಲಿ ಮಾತ್ರ ಒಂದು ಹನಿ ಬೆವರಿಲ್ಲ. ಆಮೇಲೆ ಬಿದ್ದುಬಿಟ್ಟ. ಎರಡು ದಿನ ಸುಡುವ ಜ್ವರ, ಕೈಕಾಲು ಹಿಡಿದುಕೊಂಡು ಅಳುತ್ತಿದ್ದ. 'ನಾಟಕ' ಎಂದರು ಅಪ್ಪ. ನಾನು ಇಲ್ಲವೆನ್ನಲಿಲ್ಲ.

ಹಾಗೆ ಸೋಂಬೇರಿ ಎಂಬ ಹೆಸರಿನಲ್ಲೇ ಅವನು ಬೆಳೆದ. ಅಪ್ಪ ಹೋದ ಮೇಲೆ ಜಮೀನು ನೋಡಿಕೊಂಡ. ಬೆಳಕು ಹರಿಯುವ ಮೊದಲೇ ಎದ್ದು, ಬಿಸಿಲೇರುವಷ್ಟರಲ್ಲಿ ಕೆಲಸ ಮುಗಿಸಿ, ಉಳಿದ ಹೊತ್ತು ಹಸುಗಳ ಜೊತೆ ಕೊಟ್ಟಿಗೆಯ ತಂಪಿನಲ್ಲಿ ಇರುತ್ತಿದ್ದ. ಬೆಳಗಿನ ಆ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ, ಮಧ್ಯಾಹ್ನದ ಕೂರಾಟ ಎಲ್ಲರಿಗೂ ಕಂಡಿತು. ನಾಗಮಂಗಲದ ಕಡೆಯಿಂದ ರತ್ನ ಅವನ ಹೆಂಡತಿಯಾಗಿ ಬಂದಳು. ಮಾತಿನಲ್ಲಿ ಚುರುಕು. ಮದುವೆಯಾದ ವರ್ಷವೇ ನಮ್ಮ ಮನೆಗೆ ಬಂದಾಗ ನಗುತ್ತಾ ಹೇಳಿದ್ದಳು: 'ಇವರ ಶರ್ಟು ಒಗೆಯೋದು ಬಲೇ ಸಲೀಸು ಭಾವ. ಬೆವರ ವಾಸ್ನೇನೇ ಇರಕಿಲ್ಲ.' ನಾನೂ ನಕ್ಕು, 'ಮೈ ಬಗ್ಗಿಸಿದರಲ್ಲವೇನಮ್ಮ ಬೆವರು ಬರೋದು' ಅಂದೆ. ಅವಳು ನಗು ನಿಲ್ಲಿಸಿದಳು. ನಾನು ಅದನ್ನೂ ಗಮನಿಸಲಿಲ್ಲ. ಹುಡುಗರ ಮೈಯನ್ನು ನೋಡುವುದೇ ಕಸುಬಾಗಿದ್ದವನು ನಾನು, ಆದರೂ ಕಾಣಲಿಲ್ಲ.

ನಾಲ್ಕು ವರ್ಷದ ಹಿಂದೆ ಪುಟ್ಟಸ್ವಾಮಿಯ ಕಾಲು ಊದಿಕೊಂಡಿತು, ಮುಖ ಬಾತುಕೊಂಡಿತು. ಮೈಸೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ, ರತ್ನ ಜೊತೆಗಿದ್ದಳು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದರು. ಸಕ್ಕರೆ ಇಲ್ಲ, ಕುಡಿತ ಇಲ್ಲ, ಯಾಕೆ ಹೀಗಾಯಿತೆಂದು ಯಾರಿಗೂ ತಿಳಿಯಲಿಲ್ಲ. ಮೂರನೇ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಅವನ ಹೊಟ್ಟೆ ಪರೀಕ್ಷೆ ಮಾಡುವಾಗ ಹೊಕ್ಕುಳ ಸುತ್ತ ನೋಡಿ ನಿಂತುಬಿಟ್ಟರು. ಅಲ್ಲಿ ರಾಗಿ ಚೆಲ್ಲಿದ ಹಾಗೆ ಕಪ್ಪುಗೆಂಪು ಚುಕ್ಕೆಗಳು. ಚಿಕ್ಕಂದಿನಿಂದ ಇದ್ದವು. ಉಷ್ಣಕ್ಕೆ ಎಂದುಕೊಂಡಿದ್ದೆವು.

'ಕೈಕಾಲು ಉರಿಯುತ್ತಾ?' ಎಂದರು.

'ಉರೀತದೆ' ಅಂದ ಪುಟ್ಟಸ್ವಾಮಿ.

'ಬೆವರುತ್ತೀರಾ?'

ಅವನು ಬಾಯಿ ತೆರೆಯುವ ಮೊದಲೇ ರತ್ನ ಹೇಳಿದಳು: 'ಇಪ್ಪತ್ತೆರಡು ವರ್ಷದಿಂದ ಶರ್ಟು ಒಗೀತಾ ಇವ್ನಿ ಮೇಡಮ್ಮೋರೆ. ಇವರು ಬೆವರಿದ್ದ ಕಾಣೆ.'

ರಕ್ತ ಬೆಂಗಳೂರಿಗೆ ಹೋಗಿ ಫಲಿತಾಂಶ ಬರಲು ಹಲವು ವಾರ ಹಿಡಿಯಿತು. ಕಾಯಿಲೆಯ ಹೆಸರು ಫ್ಯಾಬ್ರಿ. ಲಕ್ಷಾಂತರ ಜನರಲ್ಲಿ ಎಲ್ಲೋ ಒಬ್ಬರಿಗಂತೆ. ಡಾಕ್ಟರಮ್ಮ ಕಾಗದದ ಮೇಲೆ ದುಂಡಗೆ ಬರೆದು ವಿವರಿಸಿದರು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಕಸ ಕರಗಿಸುವ ಪುಟ್ಟ ಚೀಲಗಳಿರುತ್ತವೆ, ಲೈಸೋಸೋಮು ಎಂದು ಅವುಗಳ ಹೆಸರು. ಅಲ್ಲಿ ಕೆಲಸ ಮಾಡಬೇಕಾದ ಒಂದು ಕಿಣ್ವ ಇವರಲ್ಲಿ ಹುಟ್ಟಿನಿಂದಲೇ ಇಲ್ಲ. ಕರಗದ ಕೊಬ್ಬು ವರ್ಷ ವರ್ಷ ಸೇರಿಕೊಂಡು ನರವನ್ನು ಸುಡುತ್ತದೆ, ಬೆವರಿನ ಗ್ರಂಥಿಯನ್ನು ಕೆಡಿಸುತ್ತದೆ, ಮೂತ್ರಪಿಂಡ, ಹೃದಯಕ್ಕೆ ಇಳಿಯುತ್ತದೆ.

'ಅಂದ್ರೆ ತಿಪ್ಪೆ ಎತ್ತೋ ಆಳು ಇಲ್ಲ' ಅಂದಳು ರತ್ನ.

'ಹೌದು, ಇಷ್ಟು ಚೆನ್ನಾಗಿ ನನಗೂ ಹೇಳೋಕೆ ಬರ್ತಿರಲಿಲ್ಲ' ಎಂದರು ಡಾಕ್ಟರಮ್ಮ.

ಊರಿನಲ್ಲಿ ಇದು ಫ್ಯಾಕ್ಟ್ರಿ ಕಾಯಿಲೆಯಾಯಿತು. ಅವನು ಒಂದು ದಿನವೂ ಸಕ್ಕರೆ ಫ್ಯಾಕ್ಟ್ರಿಯಲ್ಲಿ ಕೆಲಸ ಮಾಡಿದವನಲ್ಲವಲ್ಲ ಎಂದು ಕೆಲವರು ಸಂಶಯಪಟ್ಟರು. ಅದಿರಲಿ. ನನಗೆ ಆ ದಿನ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಬೇರೇನೂ ಕಾಣಲಿಲ್ಲ. ಪಾಂಡವಪುರದ ಮೈದಾನ, ಮಾರ್ಚಿ ತಿಂಗಳ ಬಿಸಿಲು, ಆ ಒಣ ಹಣೆ.

ಎರಡು ತಿಂಗಳ ಮೇಲೆ ಬೆಂಗಳೂರಿನಿಂದ ಸಂಶೋಧನೆಯವರು ಕ್ಯಾತನಹಳ್ಳಿಯ ಮನೆಗೆ ಬಂದರು. ಇಂಥ ಕಾಯಿಲೆ ಒಬ್ಬರಲ್ಲಿ ಸಿಕ್ಕರೆ ವಂಶದಲ್ಲಿ ಹುಡುಕಬೇಕಂತೆ. ತಾಯಿಯಿಂದ ಮಕ್ಕಳಿಗೆ ಬರಬಹುದು, ತಂದೆಯಿಂದ ಮಗನಿಗೆ ದಾಟುವುದಿಲ್ಲ. ಇದನ್ನು ಕೇಳಿ ರತ್ನ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು, ಅವರಿಗಿರುವುದು ಒಬ್ಬನೇ ಮಗ. ಬಂದಿದ್ದ ಹುಡುಗಿ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ದೊಡ್ಡ ಹಾಳೆ ಹರಡಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಪುಟ್ಟಸ್ವಾಮಿಯ ಚೌಕವನ್ನು ಕಪ್ಪು ಮಾಡಿದಳು. 'ನಿಮ್ಮ ತವರಿನ ಕಡೆ ಇವರ ಥರ ಯಾರಾದರೂ ಇದ್ದರಾ ಅಜ್ಜಿ?' ಎಂದು ಅವ್ವನನ್ನು ಕೇಳಿದಳು.

ಅವ್ವನ ತವರು ಕೃಷ್ಣರಾಜಪೇಟೆಯ ಹತ್ತಿರ ಸಿಂಧಘಟ್ಟ. 'ನನ್ ತಮ್ಮ ನಿಂಗಣ್ಣ' ಅಂದಳು. 'ಕೆರೆ ಏರಿ ಬುಟ್ಟು ಬತ್ತಿರ್ನಿಲ್ಲ. ಕಾಲ್ನ ನೀರಲ್ಲಿ ಬುಟ್ಕಂಡು ಕುಂತಿರೋನು. ಊರೋರು ನೀರ್ಕೋಳಿ ಅನ್ನೋರು. ನಲ್ವತ್ತೂ ತುಂಬ್ನಿಲ್ಲ, ಮೈಯೆಲ್ಲಾ ಬಾತ್ಕಂಡು ಓಗ್ಬುಟ್ಟ.' ಆ ಮಾವನ ಕಥೆಯನ್ನು ನಾವು ಬಾಲ್ಯದಲ್ಲಿ ನಗುವುದಕ್ಕೆಂದು ಕೇಳಿದ್ದೆವು. ಈಗ ಅವನಿಗೂ ಒಂದು ಚೌಕ ಬಂತು, ಅದೂ ಕಪ್ಪಾಯಿತು.

ಆ ಹುಡುಗಿ ಪೆನ್ನು ಮುಚ್ಚಲಿಲ್ಲ. 'ಮತ್ತೆ ನಿಮಗೆ ಅಜ್ಜಿ? ನಿಮ್ಮ ಕಾಲು ಉರಿಯುತ್ತಾ?'

'ಉರೀತದೆ' ಎಂದಳು ಅವ್ವ, ಗಂಟೆ ಎಷ್ಟೆಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. 'ಎಲ್ರಿಗೂ ಉರೀತದಲ್ವಾ ಮಗ?'

ಪುಟ್ಟಸ್ವಾಮಿ ತಲೆ ಎತ್ತಿ ಅವಳನ್ನು ನೋಡಿದ. ಎಪ್ಪತ್ತೇಳು ವರ್ಷದ ಹೆಂಗಸು. ನಾಟಿ ಎಂದರೆ ಎಲ್ಲರಿಗಿಂತ ಮೊದಲು ಕೆಸರಿಗಿಳಿಯುತ್ತಿದ್ದವಳು. ಎಷ್ಟು ಗಟ್ಟಿ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು. ಗದ್ದೆಯ ನೀರು ತಣ್ಣಗಿರುತ್ತದೆಂದು ಇಳಿಯುತ್ತಿದ್ದಳೆಂದು ಯಾರಿಗೆ ಗೊತ್ತು. ಮಗನ ಅಂಗಾಲಿಗೆ ಗೋರಂಟಿ ಮೆತ್ತಿದವಳು ತನ್ನದಕ್ಕೆ ಒಂದು ದಿನವೂ ಮೆತ್ತಿಕೊಳ್ಳಲಿಲ್ಲ.

'ಯಾಕವ್ವ ಯೋಳ್ನಿಲ್ಲ?' ಎಂದ ಪುಟ್ಟಸ್ವಾಮಿ.

'ಯಾರ್ ಕೇಳಿದ್ರಪ್ಪ' ಅಂದಳು. ದೂರಿನ ದನಿಯಲ್ಲ. ನಿಜವಾಗಿಯೂ ಯಾರೂ ಕೇಳಿರಲಿಲ್ಲ.

ಎಲ್ಲರ ಬೆರಳು ಚುಚ್ಚಿ ದಪ್ಪ ಕಾಗದದ ಮೇಲೆ ರಕ್ತದ ಬೊಟ್ಟು ಇಡಿಸಿಕೊಂಡು ಹೋದರು. ನನ್ನದೂ ಕೂಡ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನನಗೂ ಅರ್ಧಕ್ಕರ್ಧ ಅವಕಾಶವಿತ್ತು. ಉತ್ತರ ಬಂದಾಗ ಅವ್ವನಲ್ಲೂ ಅದಿತ್ತು, ಅವಳ ವೃತ್ತ ಅರ್ಧ ಕಪ್ಪು. ನನ್ನ ಚೌಕ ಬಿಳಿ, ನನಗೆ ದಾಟಿರಲಿಲ್ಲ. ಜೀವಮಾನವಿಡೀ ನನ್ನ ಚುರುಕುತನ ನನ್ನ ಗಳಿಕೆಯೆಂದೂ ಅವನ ಜಡತನ ಅವನ ತಪ್ಪೆಂದೂ ನಂಬಿದ್ದೆ. ಹುಟ್ಟುವ ಮೊದಲೇ ಯಾರೋ ಚೀಟಿ ಎತ್ತಿ ಮುಗಿದಿತ್ತು. ಪುಟ್ಟಸ್ವಾಮಿಗೆ ಫೋನಿನಲ್ಲಿ ಹೇಳಲು ನನಗೆ ನಾಚಿಕೆಯಾಯಿತು. ಅವನು ಮಾತ್ರ, 'ಒಳ್ಳೇದಾಯ್ತು ಬುಡಣ್ಣ. ಒಂದ್ ಮನೆಗೆ ಒಬ್ಬ ಸೋಂಬೇರಿ ಸಾಕು' ಅಂದ.

ಇಲ್ಲದ ಕಿಣ್ವವನ್ನೇ ತಯಾರಿಸಿ ಡ್ರಿಪ್ಪಿನಲ್ಲಿ ಕೊಡುವ ಔಷಧಿ ಇದೆ. ನಮ್ಮಂಥವರು ಕೊಂಡು ಕೊಡಿಸುವಂಥದ್ದಲ್ಲ. ಡಾಕ್ಟರಮ್ಮ ಅರ್ಜಿಯ ಮೇಲೆ ಅರ್ಜಿ ಬರೆದು, ಸಂಶೋಧನೆಯ ಒಂದು ಯೋಜನೆಯಲ್ಲಿ ಅವನ ಹೆಸರು ಸೇರಿಸುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವಾಯಿತು. ಆ ವರ್ಷ ರತ್ನ ತೆಳ್ಳಗಾದಳು, ನಾನು ಕಾಣದ ದೇವರಿಗೆಲ್ಲ ಕೈಮುಗಿದೆ. ಈಗ ಹದಿನೈದು ದಿನಕ್ಕೊಮ್ಮೆ ಮೈಸೂರಿಗೆ ಹೋಗಿ ಕೆಲವು ಗಂಟೆ ಕೂತು ಬರಬೇಕು. 'ಕೂರೋದೇ ಕೆಲ್ಸ ಕಣಣ್ಣ, ಇದ್ಕೆ ನಾನು ಮದ್ಲಿಂದ್ಲೂ ತಯಾರು' ಎಂದು ನರ್ಸಮ್ಮಂದಿರನ್ನು ನಗಿಸುತ್ತಾನೆ. ಕೆಟ್ಟ ಮೂತ್ರಪಿಂಡ ಹಿಂದಿನಂತಾಗಲಿಲ್ಲ, ಆದರೆ ಇದ್ದಲ್ಲೇ ನಿಂತಿದೆ. ಉರಿ ಅರ್ಧಕ್ಕೆ ಇಳಿದಿದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ರತ್ನ ಫೋನು ಮಾಡಿ, ಪಿಸುಗುಟ್ಟುವ ದನಿಯಲ್ಲಿ, 'ಭಾವ, ಇವರ ಬೆನ್ನು ಒದ್ದೆ ಆಗ್ಯದೆ' ಎಂದಳು. ಅಂಗೈಯಗಲದಷ್ಟಂತೆ. ಆ ಶರ್ಟನ್ನು ಎರಡು ದಿನ ಒಗೆಯಲಿಲ್ಲವಂತೆ.

ಒಮ್ಮೆ ವಾರ್ಡಿನಲ್ಲಿ ಅವನ ಪಕ್ಕ ಕೂತಿದ್ದಾಗ, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ. 'ಆವತ್ತು ನಿನ್ನ ಮೂರು ಸುತ್ತು ಓಡಿಸಬಾರದಿತ್ತು ಕಣೋ.'

ಅವನು ಡ್ರಿಪ್ಪಿನ ಹನಿ ನೋಡುತ್ತಲೇ, 'ಎಲ್ಡೂವರೆ' ಎಂದ. 'ಮೂರ್ನೇದು ಮುಗೀನಿಲ್ಲ.' ಆಮೇಲೆ ಸೂಜಿ ಇಲ್ಲದ ಕೈಯಿಂದ ನನ್ನ ಮೊಣಕಾಲು ತಟ್ಟಿದ.

ಪೇಪರು ಮಡಚಿಟ್ಟು ಇವತ್ತು ಕ್ಯಾತನಹಳ್ಳಿಯ ಬಸ್ಸು ಹತ್ತಿದೆ. ಅವ್ವನಿಗೆ ಡ್ರಿಪ್ಪು ಬೇಡವೆಂದಿದ್ದಾರೆ, ನರದ ಉರಿಗೆ ಒಂದು ಮಾತ್ರೆ, ಆರು ತಿಂಗಳಿಗೊಮ್ಮೆ ಹೃದಯದ ಪರೀಕ್ಷೆ. 'ಕಾಲು ಇನ್ಯಾರ್ದೋ ಅನ್ನಂಗದೆ ಈಗ' ಎನ್ನುತ್ತಾಳೆ ಖುಷಿಯಿಂದ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಟ್ಟು, ನಿಂತುಕೊಂಡೇ, 'ಬೇರೆ ಎಲ್ಲಾದರೂ ನೋಯ್ತದಾ ಅವ್ವ?' ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, ನನ್ನನ್ನು ಒಂದು ಗಳಿಗೆ ನೋಡಿ, ಎಡ ಭುಜದಿಂದ ಶುರುಮಾಡಿದಳು. ನಾನು ಹುಟ್ಟಿದಾಗ ಹಿಡಿದುಕೊಂಡ ಸೊಂಟ, ಅಪ್ಪ ಹೋದ ವರ್ಷದಿಂದ ಗುಂಯ್‌ಗುಟ್ಟುವ ಕಿವಿ, ಯಾರಿಗೂ ಹೇಳದೆ ಕಿತ್ತುಕೊಂಡ ಎರಡು ಹಲ್ಲು. ಎಲ್ಲವನ್ನೂ ಸಮಾಧಾನವಾಗಿ, ಒಂದೊಂದಾಗಿ ಹೇಳುತ್ತ ಬಂದಳು. ಮುಗಿಯಿತೆಂದುಕೊಂಡು ನಾನು ಉಸಿರುಬಿಟ್ಟಾಗ, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

'ಇನ್ನೂ ಅದೆ' ಅಂದಳು. 'ಕುಂತ್ಕಾ.'