ಭಜಿ ಹಿಟ್ಟಿನೊಳಗಿನ ಚಿಲ್ಲರೆ

ಖಾನಾವಳಿಯಲ್ಲಿ ಬೆಳೆದವಳಿಗೆ ಎರಡು ಸಿಟ್ಟು ಹುಟ್ಟಿನಿಂದಲೇ ಅಂಟಿರುತ್ತವೆ. ಉಂಡು ರೊಕ್ಕ ಕೊಡದೆ ಎದ್ದುಹೋಗುವವರ ಮೇಲೆ ಒಂದು, ಮನೆಗೆ ಬಂದು ಉಂಡು ರೊಕ್ಕ ಕೊಡುವವರ ಮೇಲೆ ಇನ್ನೊಂದು. ಸಿಂದಗಿಯ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಪೋಕರ್ ಆಟ ಶುರುವಾದ ಮೇಲೆ ನನಗೆ ಎರಡೂ ಸಿಟ್ಟು ಒಟ್ಟಿಗೇ ಬರತೊಡಗಿದವು.

ನನ್ನ ಗಂಡ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಫೋನಿನಲ್ಲಿ ಪೋಕರ್ ಕಲಿತು, ಅದನ್ನು ಮೂವರು ಗೆಳೆಯರಿಗೆ ಅಂಟಿಸಿದ. ಒಬ್ಬರು ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ, ಬಜಾರದಲ್ಲಿ ತಲೆಮಾರಿನಿಂದ ಅರಿವೆ ಅಂಗಡಿ ಇಟ್ಟುಕೊಂಡಿರುವ ಸಾಹುಕಾರರು. ಇನ್ನೊಬ್ಬ ಆಲಮಟ್ಟಿಯ ಕಾಲುವೆ ಕಚೇರಿಯ ಕ್ಲಾರ್ಕು. ಮೂರನೆಯವರು ಇಂಡಿ ಊರಿನ ಕಾಲೇಜಿನ ಉಪನ್ಯಾಸಕರು. ಎಲ್ಲದಕ್ಕೂ ಒಂದು ನಿಯಮ ಹುಡುಕುವವರು. ಆಟ ಚಿಲ್ಲರೆಯಲ್ಲೇ. ನಮ್ಮ ಬಜಾರದಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಸಾಹುಕಾರರು ತಮ್ಮ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದು ಕೊಳೆಯುತ್ತಿದ್ದ ಆ ನಾಣ್ಯಗಳನ್ನೇ ಒಂದು ಚೀಲದಲ್ಲಿ ತರುತ್ತಿದ್ದರು.

ಮಿರ್ಚಿ ಭಜಿ, ಚುನಮುರಿ, ಚಹಾ, ಮತ್ತೆ ಚಹಾ. ಮೊದಮೊದಲು ಎಲ್ಲ ನಮ್ಮ ಖರ್ಚೇ. ಕ್ಲಾರ್ಕು ತಿನ್ನುವುದನ್ನು ನೋಡಿದರೆ ಆಲಮಟ್ಟಿಯ ನೀರೆಲ್ಲ ಅವನ ಹೊಟ್ಟೆಯ ಮೂಲಕವೇ ಹೊಲಕ್ಕೆ ಹೋಗುತ್ತದೇನೋ ಅನ್ನಿಸುತ್ತಿತ್ತು. ಎಣ್ಣೆಯ ಡಬ್ಬ ತಿಂಗಳು ಮುಗಿಯುವ ಮೊದಲೇ ಬರಿದಾದಾಗ ಗಂಡನಿಗೆ ಹೇಳಿದೆ. ಗೆಳೆಯರ ಹತ್ತಿರ ಕೇಳಲು ಅವನಿಗೆ ನಾಚಿಕೆ. ಕೊನೆಗೆ ವಿಷಯ ತಿಳಿದ ಉಪನ್ಯಾಸಕರೇ ನನ್ನತ್ತ ನೋಡಿ ಒಂದು ದಾರಿ ಹೇಳಿದರು.

"ಒಂದೊಂದು ಆಟ ಗೆದ್ದವ ತನ್ನ ರಾಶ್ಯಾಗಿಂದ ಒಂದು ನಾಣ್ಯ ಡಬ್ಬಿಗೆ ಹಾಕೂದು. ಸೋತವ್ರಿಗೆ ಭಾರ ಇಲ್ಲ, ವೈನಿಗೂ ನುಕಸಾನ ಇಲ್ಲ."

"ನನ್ನ ಬೀರಿನ ಖರ್ಚೂ ಅದರಾಗ ಬರ್ತೈತೇನ್ರಿ?" ಎಂದ ಕ್ಲಾರ್ಕು.

"ನಾ ಕುಡಿಯೂದಿಲ್ಲ. ನನ್ನ ರೊಕ್ಕ ನಿನ್ನ ಬಾಟ್ಲಿಗೆ ಯಾಕ ಹೋಗಬೇಕು?" ಸಾಹುಕಾರರ ದನಿ ಗಡುಸಾಯಿತು. ಬಾಟ್ಲಿ ಅವರವರದು, ಡಬ್ಬಿ ಭಜಿ-ಚಹಾಕ್ಕೆ ಮಾತ್ರ, ಅದರ ನಾಣ್ಯಕ್ಕೆ ಸಾಹುಕಾರರು ನೋಟು ಕೊಡುವುದು ಎಂದು ತೀರ್ಮಾನವಾಯಿತು. ಚಾಪೆಯ ನಡುವೆ ನನ್ನದೇ ಅಡುಗೆಮನೆಯ ಸ್ಟೀಲಿನ ಡಬ್ಬಿ ಬಂದು ಕೂತಿತು.

ಮೊದಲ ನಾಣ್ಯ ಅದರಲ್ಲಿ ಬಿದ್ದ ಸದ್ದಿಗೇ ನಾನು ಒಲೆ ಬಿಟ್ಟು ತಿರುಗಿ ನೋಡಿದೆ. ಆ ಸದ್ದು ನನಗೆ ಗೊತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ನಮ್ಮವ್ವ ಖಾನಾವಳಿ ನಡೆಸುತ್ತಿದ್ದಳು. ಅಪ್ಪ ತೀರಿಹೋಗಿದ್ದ. ಹಿಂದಿನ ಕೋಣೆಯಲ್ಲಿ ಸಂತೆಯ ದಿನ ನಾಲ್ಕಾರು ಜನ ಇಸ್ಪೀಟು ಆಡುತ್ತಿದ್ದರು. ರೊಟ್ಟಿ, ಝುಣಕ, ಚಹಾ ಅಲ್ಲಿಗೇ ಹೋಗುತ್ತಿತ್ತು. ಯಾರೆಷ್ಟು ತಿಂದರೆಂದು ಲೆಕ್ಕ ಇಡುವುದು ಕಷ್ಟವೆಂದು ಗೆದ್ದವನು ರಾಶಿಯಿಂದ ಇಷ್ಟು ತೆಗೆದು ಡಬ್ಬಿಗೆ ಹಾಕಲಿ ಎಂದು ಅವರೇ ಗೊತ್ತುಮಾಡಿದ್ದರು. ಅವ್ವನಿಗೂ ಸರಿ ಅನ್ನಿಸಿತ್ತು. ಒಂದು ದಿನ ಪೊಲೀಸರು ಬಂದರು. ಇಸ್ಪೀಟಿನ ಎಲೆಗಳನ್ನು ಅವರು ಅಷ್ಟಾಗಿ ನೋಡಲಿಲ್ಲ. ಮೊದಲು ಕೇಳಿದ್ದು ಡಬ್ಬಿಯನ್ನು. "ಆಟ ಅವರದು, ಅಡ್ಡೆ ನಿಂದು" ಎಂದು ಅವ್ವನನ್ನು ಜೀಪಿಗೆ ಹತ್ತಿಸಿದರು. ಉಣ್ಣುತ್ತಿದ್ದ ಜನ ತಾಟು ಬಿಟ್ಟು ಎದ್ದು ನಿಂತು ನೋಡಿದರು. ಸಂಜೆ ಬಿಟ್ಟರು, ಆದರೆ ಖಾನಾವಳಿ ಮತ್ತೆ ತೆರೆಯಲಿಲ್ಲ. ಮುದ್ದೇಬಿಹಾಳಕ್ಕೆ ಹೋಗಿ ಕಂಡವರ ಮನೆಯಲ್ಲಿ ರೊಟ್ಟಿ ಬಡಿದು ನನ್ನನ್ನೂ ತಮ್ಮನನ್ನೂ ಸಾಕಿದಳು. ನನ್ನ ಮದುವೆಯ ಮಾತುಕತೆಯಲ್ಲಿ ಮೊಣಕಾಲು ನೋವಿಗೆ ಖಾನಾವಳಿ ಮುಚ್ಚಿದೆವು ಎಂದು ಹೇಳಿಸಿದ್ದಳು. ಗಂಡನಿಗೂ ಅಷ್ಟೇ ಗೊತ್ತಿತ್ತು.

ಹಾಗಾಗಿ ಅವನಿಗೆ ಇಷ್ಟೇ ಹೇಳಿದೆ: "ಡಬ್ಬಿ ಬ್ಯಾಡ್ರಿ. ಆಟದಾಗಿನ ರೊಕ್ಕ ಮನಿ ತಗೊಂಡ್ರ ಅದು ಜೂಜಿನ ಅಡ್ಡೆ ಆಗ್ತೈತಿ. ನಿಮ್ಮ ನೌಕರಿ ಹೋಗ್ತೈತಿ."

"ಭಜಿ ರೊಕ್ಕಕ್ಕ ಯಾರು ನೌಕರಿ ತಗೀತಾರ? ನೀ ಸುಮ್ನ ಅಂಜಿಸ್ತಿ" ಎಂದು ನಕ್ಕ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ವಾರ ಭಜಿಗೆ ಉಪ್ಪು ಹಾಕಲಿಲ್ಲ. ಕ್ಲಾರ್ಕು ಅದನ್ನೂ ತಿಂದ.

ಅದಾದ ಮೇಲೆ ದೇವರ ಹಿಪ್ಪರಗಿ ಕಡೆಯ ಯಾವುದೋ ತೋಟದ ಮನೆಯಲ್ಲಿ ಇಸ್ಪೀಟು ಆಡುವವರನ್ನು ಪೊಲೀಸರು ಹಿಡಿದರಂತೆ ಎಂಬ ಸುದ್ದಿ ಓಣಿಗೆಲ್ಲ ಹಬ್ಬಿತು. ಬೈಕಿನ ಸದ್ದು ಕೇಳಿದರೂ ನಾನು ಕಿಟಕಿಗೆ ಓಡತೊಡಗಿದೆ. ಮುಂದಿನ ಭಾನುವಾರ ಎಣ್ಣೆ ಕಾಯುತ್ತಿತ್ತು, ಹಿಟ್ಟು ಕಲಸಿಟ್ಟಿದ್ದೆ. ಮನೆಯ ಮುಂದೆಯೇ ಬೈಕು ನಿಂತಿತು. ಕಿಟಕಿಯಲ್ಲಿ ಇಣುಕಿದರೆ ಖಾಕಿ.

ಪಡಸಾಲೆಗೆ ಓಡಿದೆ. ಕೈಯಿಂದಲೇ ಬಾಗಿಲು ತೋರಿಸಿದೆ. ಗಂಡ ಎಲೆಗಳನ್ನು ಚಾಪೆಯ ಕೆಳಗೆ ತಳ್ಳಿದ. ಸಾಹುಕಾರರು ನಾಣ್ಯಗಳನ್ನು ಬಾಚಿ ಚೀಲಕ್ಕೆ ಹಾಕಿದರು. ಕ್ಲಾರ್ಕು ಬಾಟ್ಲಿಯನ್ನು ಬೆನ್ನ ಹಿಂದೆ ಇಟ್ಟು ಗೋಡೆಗೆ ಒರಗಿದ. ಯಾರೂ ಡಬ್ಬಿ ಮುಟ್ಟಲಿಲ್ಲ. ಅದು ಭಜಿ ಡಬ್ಬಿ, ಅದರಲ್ಲೇನು ತಪ್ಪು ಎಂದೇ ಅವರ ತಿಳಿವಳಿಕೆ. ನಾನೇ ಎತ್ತಿಕೊಂಡು ಒಳಗೆ ಬಂದೆ. ಎಲ್ಲಿ ಇಡಲಿ? ಎಲ್ಲಿಟ್ಟರೂ ಕಾಣುತ್ತದೆ ಅನ್ನಿಸಿತು. ಬಾಗಿಲು ಬಡಿದ ಸದ್ದಾಯಿತು. ಡಬ್ಬಿಯಲ್ಲಿದ್ದ ನಾಣ್ಯಗಳನ್ನೆಲ್ಲ ಭಜಿ ಹಿಟ್ಟಿಗೆ ಸುರಿದುಬಿಟ್ಟೆ.

ಪೊಲೀಸಪ್ಪ ಬಂದದ್ದು ಬೇರೆ ಕೆಲಸಕ್ಕೆ. ಮಹಡಿಯ ಮನೆಯವರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಅವರು ಇಲ್ಲಿಯೇ ಇರುವುದು ಹೌದೆಂದು ನೆರೆಯವರ ಸಹಿ ಬೇಕಿತ್ತು. ಗಂಡ ಸಹಿ ಮಾಡಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆತ ಚಾಪೆಯ ಸುತ್ತ ಕೂತಿದ್ದವರನ್ನು ನೋಡಿದ.

"ನಡುವ ಏನೂ ಇಲ್ಲ, ಸುತ್ತ ಕುಂತೀರಿ. ಏನ ನಡಿಸೀರಿ?"

"ಭಜಿ ದಾರಿ ಕಾಯಾಕತ್ತೇವ್ರಿ" ಎಂದರು ಉಪನ್ಯಾಸಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಕ್ಲಾರ್ಕು ಯಾರೂ ಕೇಳದಿದ್ದರೂ "ನಾವು ಬರೇ ಭಜಿ ತಿನ್ನಾಕ ಬಂದೇವ್ರಿ" ಎಂದ.

"ಹಂಗಾರ ನಾನೂ ಕಾಯ್ತೇನಿ" ಎಂದು ಆತ ಕುರ್ಚಿ ಎಳೆದು ಕೂತ.

ಇನ್ನು ನಾನು ಕರಿಯಲೇಬೇಕು. ಮೆಣಸಿನಕಾಯಿಯ ತೊಟ್ಟು ಹಿಡಿದು, ಹಿಟ್ಟಿನ ಮೇಲುಮೇಲೆ ಹೊರಳಿಸಿ ಎಣ್ಣೆಗೆ ಬಿಟ್ಟೆ. ಬೆರಳಿಗೆ ನಾಣ್ಯ ತಾಕಿದಾಗಲೆಲ್ಲ ಅದನ್ನು ತಳಕ್ಕೆ ಒತ್ತುತ್ತಿದ್ದೆ. ಒಂದೇ ಒಂದು ನಾಣ್ಯ ಆತನ ಹಲ್ಲಿಗೆ ಸಿಕ್ಕರೆ ನನ್ನ ಗಂಡನ ನೌಕರಿ, ನನ್ನ ಮನೆ, ಎಲ್ಲ ಅಲ್ಲಿಗೇ. ಜೀಪಿನಲ್ಲಿ ಕೂತ ಅವ್ವನ ಮುಖ ಕಣ್ಣ ಮುಂದೆ ಬಂತು. ಒಂದು ತಾಟು ಹೋಯಿತು. ಆತ ಇನ್ನೊಂದು ಕೇಳಿದ. ಹಿಟ್ಟು ಕಡಿಮೆಯಾಗಿ ನಾಣ್ಯಗಳ ಅಂಚು ಕಾಣತೊಡಗಿದಾಗ ಆತ ಕೈ ತೊಳೆಯಲು ಅಡುಗೆಮನೆಯ ಬಾಗಿಲಿಗೇ ಬಂದು ನಿಂತ. ನಾನು ಮಣಿಕಟ್ಟಿನವರೆಗೆ ಕೈಯನ್ನು ಹಿಟ್ಟಿನಲ್ಲಿ ಊರಿ, ಕಲಸುತ್ತಿರುವವಳಂತೆ ನಿಂತೆ.

ಆತ ಕೈ ತೊಳೆದ. ಒಲೆಯ ಪಕ್ಕದ ಖಾಲಿ ಡಬ್ಬಿ ನೋಡಿದ, ನನ್ನ ಕೈ ನೋಡಿದ. ಕಿಸೆಯಿಂದ ಪಾಕೀಟು ತೆಗೆದ.

"ಭಜಿದು ಎಷ್ಟಾತ್ರಿ ಅಕ್ಕಾರ?"

ಆತ ನನ್ನನ್ನು ಸಿಕ್ಕಿಸಲೆಂದೇ ಕೇಳಿದನೋ, ಮರ್ಯಾದೆಗೆ ಕೇಳಿದನೋ, ಇವತ್ತಿಗೂ ನನಗೆ ತಿಳಿದಿಲ್ಲ.

"ಇದು ಮನಿರಿ, ಖಾನಾವಳಿ ಅಲ್ಲ. ಮನಿಗೆ ಬಂದವ್ರ ಕಡೆ ನಾವು ರೊಕ್ಕ ತಗೊಳ್ಳೂದಿಲ್ಲ" ಎಂದೆ. ಆತ ಪಾಕೀಟು ಮಡಚಿ, ಕೈ ಮುಗಿದು ಹೋದ.

ಬೈಕಿನ ಸದ್ದು ದೂರವಾದ ಮೇಲೆ ನಾಲ್ವರೂ ಅಡುಗೆಮನೆಗೆ ಬಂದರು. ನಾನು ಹಿಟ್ಟಿನಿಂದ ನಾಣ್ಯ ಹೆಕ್ಕಿ ತೆಗೆಯುತ್ತಿದ್ದೆ.

"ಎಲಿ ಬಿಟ್ಟು ಡಬ್ಬಿ ಯಾಕ ಎತ್ತಿಕೊಂಡು ಓಡಿದಿ?" ಎಂದು ಗಂಡ ಕೇಳಿದ.

ಹೇಳಿದೆ. ಬಾಗೇವಾಡಿಯ ಹಿಂದಿನ ಕೋಣೆ, ಡಬ್ಬಿ, ಜೀಪು, ಮೊಣಕಾಲಿನ ಸುಳ್ಳು, ಎಲ್ಲವನ್ನೂ ಎಲ್ಲರ ಮುಂದೆಯೇ ಹೇಳಿದೆ. ಗಂಡ ಪಕ್ಕದಲ್ಲಿ ಕೂತು ತಾನೂ ಹಿಟ್ಟಿಗೆ ಕೈ ಹಾಕಿದ. ಸಾಹುಕಾರರು ನಾಣ್ಯಗಳನ್ನು ನಳದ ಕೆಳಗೆ ಹಿಡಿದು ತೊಳೆದರು.

"ವೈನಿ, ಅವ್ವಾರನ್ನ ಒಂದ ಸಲ ಇಲ್ಲಿಗೆ ಕರಸ್ರಿ" ಎಂದರು ಅವರು. ಮರುದಿನ ಗಂಡನೇ ಮುದ್ದೇಬಿಹಾಳಕ್ಕೆ ಫೋನು ಮಾಡಿದ.

ಅವ್ವ ಬಂದ ಭಾನುವಾರ ಯಾರೂ ಬರಿಗೈಯಲ್ಲಿ ಬರಲಿಲ್ಲ. ಸಾಹುಕಾರರು ಚುನಮುರಿ ತಂದರು, ಉಪನ್ಯಾಸಕರು ಇಂಡಿಯ ಲಿಂಬೆಹಣ್ಣು. ಕ್ಲಾರ್ಕು ಎಣ್ಣೆಯ ಡಬ್ಬವನ್ನೇ ಹೊತ್ತು ತಂದ, ಅವನು ನ್ಯಾಯವಾಗಿ ತರಬೇಕಾದದ್ದು ಅದೇ. ಆಟ ಹುಣಸೆಬೀಜದಲ್ಲಿ ನಡೆಯಿತು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಚಾಪೆಯ ನಡುವನ್ನೇ ನೋಡುತ್ತಿದ್ದಳು.

"ಇಲ್ಲಿ ಡಬ್ಬಿ ಇಡೂದಿಲ್ಲೇನು?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ಇಲ್ಲವ್ವ."

"ಖರೇನ?"

"ಖರೇನ."

ಖಾನಾವಳಿಯಲ್ಲಿ ಅವ್ವ ಉಣ್ಣುವುದನ್ನು ನಾನು ಎಂದೂ ಕಂಡಿರಲಿಲ್ಲ. ಎಲ್ಲರೂ ಎದ್ದ ಮೇಲೆ, ಒಲೆಯ ಕಡೆ ಮುಖ ಮಾಡಿ, ನಿಂತೇ ಎರಡು ತುತ್ತು ನುಂಗುತ್ತಿದ್ದಳು. ಈಗ ಸೆರಗು ಸರಿಮಾಡಿಕೊಂಡು ಬಂದು ಸಾಹುಕಾರರ ಪಕ್ಕ ಚಾಪೆಯ ಮೇಲೆ ಕೂತಳು. "ಹಂಗಾರ ನನಗೂ ಒಂದು ಭಜಿ ಹಾಕವಾ" ಎಂದಳು.