ಕುರ್ಚಿ ಬದಲಾದರೂ ಕಳೆಯದ ಪುಟ

ಗಣಿ ಜೋರಾಗಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ವರದಿಗಾರನಾಗಿದ್ದೆ. ಲಾರಿ ಮಾಲೀಕರ ಸಂಘವೊಂದು ಅದಿರು ಸಾಗಣೆಯ ಸರದಿ ನೋಂದಣಿಯನ್ನು ಕಂಪ್ಯೂಟರಿಗೆ ತರಲು ಹೊರಟಿತ್ತು. ಪ್ರೋಗ್ರಾಂ ಬರೆಯುವ ಕೆಲಸ ನನ್ನ ತಂಗಿಯದು. ಪುಟಗಳ ಮೇಲಿನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಡುವುದಷ್ಟೇ ನನ್ನ ಪಾಲು.

ಅರ್ಜಿ ನಾಲ್ಕು ಪುಟದ್ದು: ಮಾಲೀಕ, ಲಾರಿ, ಚಾಲಕ, ದಾರಿ.

"ಒಂದು ಪುಟ ಕಳಿಸಿದ ಕೂಡ್ಲೇ ಪುಟ ತಗೊಳ್ಳೋ ಸರ್ವರ್ ಯಂತ್ರ ನಿನ್ನ ಮರ್ತುಬಿಡ್ತೈತಿ ಅಣ್ಣಾ," ಎಂದಳು ತಂಗಿ. "ಎರಡನೇ ಪುಟಕ್ಕ ಹೋದ್ರ, ನೀ ಯಾರು ಅಂತ ಕೇಳ್ತೈತಿ."

ಅದಕ್ಕೆ ಅವಳು ಬಳಸುತ್ತಿದ್ದ ಫ್ರೇಮ್‌ವರ್ಕಿನಲ್ಲಿ, ಅಂದರೆ ಪ್ರೋಗ್ರಾಮಿನ ಸಿದ್ಧ ಚೌಕಟ್ಟಿನಲ್ಲಿ, ಸೆಷನ್ ಎಂಬ ಏರ್ಪಾಡಿತ್ತು. ಹಂಪಿ ಗುಡಿಯ ಮುಂದೆ ಚಪ್ಪಲಿ ಬಿಟ್ಟರೆ ಬಿಲ್ಲೆ ಕೊಡುವ ಹಾಗೆ, ಸರ್ವರ್ ಬ್ರೌಸರಿಗೆ ಒಂದು ಗುರುತು ಕೊಡುತ್ತದೆ. ಪ್ರತಿ ಪುಟದ ಜೊತೆ ಗುರುತು ವಾಪಸ್ಸು ಬಂದಾಗ ಹಿಂದಿನ ಉತ್ತರಗಳನ್ನು ಹುಡುಕಿ ತೆಗೆಯುತ್ತದೆ.

ಸಂಘದ ಕಚೇರಿಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲೇ ಎಡವಟ್ಟಾಯಿತು. ಸಂಡೂರಿನ ಮಾಲೀಕರೊಬ್ಬರು ಒಂದು ಪುಟ ತುಂಬಿ, "ಲೇ, ಕುಂದ್ರು, ಚಾ ಕುಡದ್ ಬರ್ತೀನಿ," ಎಂದು ಕಂಪ್ಲಿಯ ಗೆಳೆಯನನ್ನು ಕೂರಿಸಿ ಹೋದರು. ಗೆಳೆಯ ಅದು ತನ್ನದೇ ಅರ್ಜಿ ಎಂದುಕೊಂಡು ಎರಡನೇ ಪುಟದಲ್ಲಿ ತನ್ನ ಲಾರಿಯ ವಿವರ ತುಂಬಿದ. ಸಂಡೂರಿನವರ ಹೆಸರಿಗೆ ಕಂಪ್ಲಿಯ ಲಾರಿ ಬಿತ್ತು. ಆ ಕಚೇರಿಯಲ್ಲಿ ಕುರ್ಚಿ ಯಾರ ಸ್ವಂತದ್ದೂ ಆಗಿರಲಿಲ್ಲ. ಬಿಲ್ಲೆಯೋ ಯಂತ್ರದ ಕೈಯಲ್ಲಿತ್ತು, ಮನುಷ್ಯನ ಕೈಯಲ್ಲಿ ಅಲ್ಲ.

"ನನ್ನ ಲಾರಿ ಮ್ಯಾಲೆ ಮೊದ್ಲಿಂದ ಕಣ್ಣು ಇವಂದು," ಎಂದ ಗೆಳೆಯ.

"ನಿನ್ನ ಡಬ್ಬಾ ಲಾರಿ ಯಾರಿಗೆ ಬೇಕೋ," ಎಂದರು ಸಂಡೂರಿನವರು.

ಎಲ್ಲರೂ ನಕ್ಕರು, ಸಂಘದ ಕಾರ್ಯದರ್ಶಿ ಒಬ್ಬರನ್ನು ಬಿಟ್ಟು. "ನೋಡವ್ವಾ, ಇನ್ನೊಂದ್ಸಲ ಹಿಂಗಾದ್ರ ಕಂಪ್ಯೂಟರ್ ಬ್ಯಾಡ. ಸರದಿ ಬರ್ಯೋ ಹಳೇ ಪುಸ್ತಕಾನ ಭೇಷ್," ಎಂದರು ಅವರು. ತಂಗಿ ತಿಂಗಳುಗಟ್ಟಲೆ ಬರೆದದ್ದೆಲ್ಲ ಆ ಒಂದು ಮಾತಿಗೆ ಬಿದ್ದುಹೋಗುವುದರಲ್ಲಿತ್ತು.

ಅವಳು ವಾದಿಸಲಿಲ್ಲ. ಮುಗಿಯದ ಅರ್ಜಿಯನ್ನು ಬ್ರೌಸರಿನ ಗುರುತಿಗೆ ಕಟ್ಟದೆ ಲಾರಿ ನಂಬರಿಗೆ ಕಟ್ಟಿದಳು. ಶುರುವಿನಲ್ಲೇ ನಂಬರು ಮತ್ತು ಗುಪ್ತಪದ ಕೇಳಬೇಕು; ಪುಟ ಕಳಿಸಿದೊಡನೆ ಉತ್ತರಗಳು ಸರ್ವರಿನ ಡೇಟಾಬೇಸಿಗೆ ಸೇರಬೇಕು; ಪ್ರತಿ ಪುಟದ ನೆತ್ತಿಯ ಮೇಲೆ ಆ ನಂಬರು ದಪ್ಪಕ್ಷರದಲ್ಲಿ ಕಾಣಬೇಕು.

ಮರುಪರೀಕ್ಷೆಯ ದಿನ ಸಂಡೂರಿನವರು ಎರಡು ಪುಟ ಮುಗಿಸಿ ಮೂರನೆಯದು ತೆರೆದಿದ್ದರು. ಕರೆಂಟು ಹೋಯಿತು. ಪರದೆಗಳೆಲ್ಲ ಕಪ್ಪಾದವು. ಪಕ್ಕದ ಕೋಣೆಯ ಸರ್ವರಿಗೆ ಮಾತ್ರ ಬ್ಯಾಟರಿಯ ಆಸರೆ ಇತ್ತು. ಕಾರ್ಯದರ್ಶಿ ಹಳೆಯ ಪುಸ್ತಕವಿದ್ದ ಕಪಾಟಿನತ್ತ ನೋಡಿದರು. ತಂಗಿ ಕೈಕಟ್ಟಿ ನಿಂತಳು.

ಕರೆಂಟು ಬರುವಷ್ಟರಲ್ಲಿ, ಚಾ ಕುಡಿಯಲು ಎದ್ದಿದ್ದ ಸಂಡೂರಿನವರ ಕುರ್ಚಿಯಲ್ಲಿ ಕಂಪ್ಲಿಯವ ಕೂತಾಗಿತ್ತು. ಅವರು ಬೈದುಕೊಂಡು ಬಾಗಿಲ ಬಳಿಯ ಬೇರೊಂದು ಯಂತ್ರಕ್ಕೆ ಹೋದರು. ಒಂದೇ ಬೆರಳಿನಲ್ಲಿ ನಂಬರು, ಗುಪ್ತಪದ ಒತ್ತಿದರು. ಮೂರನೇ ಪುಟವೇ ತೆರೆಯಿತು, ನೆತ್ತಿಯ ಮೇಲೆ ಅವರದೇ ನಂಬರು. ಹಿಂದಿನ ಪುಟಗಳಿಗೆ ಹೋಗಿ ನೋಡಿದರು. ಊರು, ಎಂಜಿನ್ನಿನ ಸಂಖ್ಯೆ, ಎಲ್ಲವೂ ಇಟ್ಟಲ್ಲೇ ಇದ್ದವು. ಕಂಪ್ಲಿಯವನ ಪರದೆಯಲ್ಲಿ ಅವನ ಲಾರಿಯಷ್ಟೇ ಇತ್ತು. ಒಳಗೆ ಏನು ನಡೆಯುತ್ತದೆಂದು ತಿಳಿದಿದ್ದ ನಾನೂ ಹತ್ತಿರ ಹೋಗಿ ಪರದೆ ನೋಡಿದೆ.

"ಇಷ್ಟೊತ್ತು ಎಲ್ಲಿತ್ತವ್ವಾ ಇದು?" ಎಂದು ಕೇಳಿದರು ಸಂಡೂರಿನವರು.

ತಂಗಿ ಪಕ್ಕದ ಕೋಣೆ ತೋರಿಸಿದಳು. ಮೇಜಿನ ಕೆಳಗೆ, ಅದಿರಿನ ಧೂಳು ಬೀಳದಂತೆ ಟವೆಲ್ ಹೊದಿಸಿದ್ದ ಸರ್ವರಿನ ಪೆಟ್ಟಿಗೆ. ಸಂಡೂರಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಗ್ಗಿ ನೋಡಿದರು. ಕಾರ್ಯದರ್ಶಿಯೂ ಅವರ ಹಿಂದೆ ಹೋದರು. ಹೊರಗೆ ಬಂದ ಕಾರ್ಯದರ್ಶಿ ಪುಸ್ತಕದ ಕಪಾಟಿಗೆ ಬೀಗ ಹಾಕಿ, "ಆ ಟವೆಲ್ಲು ಭಾಳ ಹಳೇದಾಗೈತಿ," ಎಂದರು. "ಒಂದು ಹೊಸಾದು ತರಸ್ರಿ."