ವ್ಯಾನಿನಲ್ಲಿ ಒಂದು ಹೊತ್ತಿನ ಅಡುಗೆ

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಕಲಿಸಿದ್ದು ಸೀಟಿ ಊದಿ. ಅಂಥವನು ನಿವೃತ್ತನಾದ ಎರಡನೇ ತಿಂಗಳಿಗೇ ಒಂದು ಹಳೇ ವ್ಯಾನು ಕೊಂಡು ತಂದಾಗ ತುಮಕೂರಿನ ನಮ್ಮ ಬೀದಿಯವರಿಗೆಲ್ಲ ಆಶ್ಚರ್ಯವಾಯಿತು. ನನ್ನ ಹೆಂಡತಿಗೆ ಆದದ್ದು ಆಶ್ಚರ್ಯವಲ್ಲ.

ದುಂಡು ಮೂಗಿನ ವ್ಯಾನು, ನಾನು ನೌಕರಿಗೆ ಸೇರಿದ ಕಾಲದ್ದು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದವರು ಅದರಲ್ಲಿ ವರ್ಷಗಟ್ಟಲೆ ಸಾಮಾನು ಸಾಗಿಸಿ, ಕೊನೆಗೆ ಗ್ಯಾರೇಜಿನ ಹುಣಸೆ ಮರದ ಕೆಳಗೆ ಬಿಟ್ಟು ಹೋಗಿದ್ದರು. ನಾನು ಅದರೊಳಗೆ ಮಂಚ, ಪಂಪ್ ಸ್ಟೌ, ನೀರಿನ ಡ್ರಮ್ಮು, ಕಿಟಕಿಗೆ ಪರದೆ ಎಲ್ಲ ಹೊಂದಿಸಿದೆ. ಬಡಗಿ ಮನೆಯ ಮಂಚದ ಅಳತೆಗೇ ಮಾಡಿಟ್ಟಿದ್ದ. ಹಿಂಬಾಗಿಲು ಮುಚ್ಚುವುದಿಲ್ಲವಲ್ಲ ಎಂದರೆ, "ಕಾಲಿಗೆ ಗಾಳಿ ಆಡ್ಬೇಕಲ್ಲ ಸಾರ್" ಅಂದ. ಎದುರಿಗೆ ನಿಂತು ಅರ್ಧ ಅಡಿ ಕೊಯ್ಯಿಸಿದೆ.

ಹೆಂಡತಿ ಒಂದು ಷರತ್ತು ಹಾಕಿದಳು. "ರೀ, ಮನೇಲಿ ಅಡುಗೆಮನೆ ಇಟ್ಕೊಂಡು ರೋಡಲ್ಲಿ ಬೇಯಿಸ್ಕೊಂಡು ತಿನ್ನೋರು ಯಾರಾದ್ರೂ ಇದಾರಾ? ಯುಗಾದಿ ಒಳಗೆ ಇದರಲ್ಲಿ ಒಂದೇ ಒಂದು ಹೊತ್ತು ಅಡುಗೆ ಮಾಡಿ ಉಂಡ್ರೆ ಇರ್ಲಿ. ಇಲ್ದಿದ್ರೆ ಎಳನೀರು ಮಾರೋನು ಕೇಳ್ತಾ ಇದಾನೆ, ಕೊಟ್ಬಿಡಿ."

ಒಂದು ಹೊತ್ತು ತಾನೇ, ಅದೇನು ಮಹಾ ಎಂದು ಒಪ್ಪಿಕೊಂಡೆ.

ಮೊದಲು ಹೋದದ್ದು ಗುಬ್ಬಿಯ ಕಡೆಗೆ. ಹೊರಡುವುದು, ನಿಲ್ಲಿಸುವುದು, ಸ್ಟೌ ಹಚ್ಚುವುದು, ಎಲ್ಲಕ್ಕೂ ವೇಳಾಪಟ್ಟಿ ಬರೆದಿಟ್ಟಿದ್ದೆ. ಊರಾಚೆ ಒಂದು ತೆಂಗಿನ ತೋಟದ ಪಕ್ಕ ನೆರಳು ನೋಡಿ ನಿಲ್ಲಿಸಿದೆ. ಸ್ಟೌ ಹಚ್ಚಿ ಐದು ನಿಮಿಷವಾಗಿಲ್ಲ, ಗುಬ್ಬಿಯಲ್ಲೇ ಇರುವ ನಾದಿನಿಯ ಗಂಡ ಸ್ಕೂಟರಿನಲ್ಲಿ ಬಂದು ಇಳಿದ. ಟೀ ಅಂಗಡಿಯಲ್ಲಿ ಯಾರೋ ನಮ್ಮ ವ್ಯಾನು ಹೋದದ್ದನ್ನು ಹೇಳಿದ್ದರಂತೆ.

"ಏನ್ ಭಾವ, ನಮ್ಮೇಲೆ ಏನ್ ಕೋಪ?"

"ಕೋಪ ಎಲ್ಲಿಂದ ಬಂತಯ್ಯ? ಅಡುಗೆ ಮಾಡೋಕೆ ಬಂದಿದೀವಿ."

"ಊರೊಳಗೆ ನಮ್ಮನೆ ಇದ್ದೂ ನೀವು ಬೇಲಿ ಪಕ್ಕ ಸ್ಟೌ ಹಚ್ಚಿದ್ರೆ, ಜನ ನನ್ನ ಮುಖಕ್ಕೆ ಏನಂತಾರೆ?"

ವೇಳಾಪಟ್ಟಿ ತೋರಿಸಿದೆ. ಆತ ಅದನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ಅವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡೆವು. ವಾಪಸು ಬರುವಾಗ ಹೆಂಡತಿ ಕಿಟಕಿಯಾಚೆ ನೋಡುತ್ತ, "ಯುಗಾದಿಗೆ ಹನ್ನೊಂದು ದಿನ" ಅಂದಳು.

ಎರಡನೇ ಸಲ ಕುಣಿಗಲ್ಲನ್ನು ಆರಿಸಿದೆ. ಅಲ್ಲಿ ನಮ್ಮ ಕಡೆಯವರಾಗಲಿ ಅವಳ ಕಡೆಯವರಾಗಲಿ ಯಾರೂ ಇಲ್ಲವೆಂಬುದನ್ನು ಎರಡೆರಡು ಬಾರಿ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದೆ. ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಕೆರೆ ಏರಿಯ ಬುಡದಲ್ಲಿ ವ್ಯಾನು ನಿಲ್ಲಿಸಿ, ಬಾಗಿಲ ಬಳಿಯ ಸ್ಟೌ ಹಚ್ಚಿ, ಉಪ್ಪಿಟ್ಟಿಗೆ ರವೆ ಹುರಿಯತೊಡಗಿದೆ. ಹೆಂಡತಿ ಮಡಚುವ ಕುರ್ಚಿಯಲ್ಲಿ ಇನ್‌ಸ್ಪೆಕ್ಷನ್ನಿಗೆ ಬಂದವಳ ಹಾಗೆ ಕುಳಿತಿದ್ದಳು.

ಹೆಗಲ ಮೇಲೆ ಟವೆಲ್ ಹಾಕಿಕೊಂಡ ರೈತರೊಬ್ಬರು ಬಂದು ವ್ಯಾನಿಗೆ ಒಂದು ಸುತ್ತು ಹಾಕಿದರು.

"ಗಾಡಿ ಕೆಟ್ಟೋಯ್ತಾ ಯಜಮಾನ್ರೇ?"

"ಇಲ್ಲ."

"ಡೀಸೆಲ್ ಖಾಲಿನಾ?"

"ಅದೂ ಇದೆ."

ದನಿ ತಗ್ಗಿಸಿದರು. "ಮನೇಲಿ ಏನಾರ ಜಗಳವಾ?"

"ಏನೂ ಇಲ್ಲ ಸ್ವಾಮಿ. ಇಷ್ಟಪಟ್ಟು ಬಂದಿದೀವಿ."

ಅವರಿಗೆ ನಂಬಿಕೆ ಬರಲಿಲ್ಲ. "ಬುಡಿ, ಅದನ್ನ ಆರ್ಸಿ. ನಮ್ಮೂರಿಗೆ ಬಂದ ವಯಸ್ಸಾದೋರು ಕೆರೆ ಪಕ್ಕ ಬೇಯಿಸ್ಕೊಂಡು ತಿಂದ್ರು ಅಂದ್ರೆ, ನಾಳೆ ನಾನು ತಲೆ ಎತ್ಕೊಂಡು ತಿರುಗೋದು ಹೆಂಗೆ? ಮನೆ ಅಲ್ಲೇ ಕಾಣ್ತದೆ, ಮುದ್ದೆಗೆ ಎಸರಿಟ್ಟವ್ರೆ. ಏಳಿ." ಹಾಗೆಂದವರೇ ಸ್ಟೌವಿನ ಗಾಳಿ ಬಿಡಲು ಕೈ ಚಾಚಿದರು.

ಮುನ್ನೂರು ಹುಡುಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವನು ನಾನು. ಈ ಒಬ್ಬರ ಕೈ ತಡೆಯುವುದು ನನ್ನಿಂದಾಗಲಿಲ್ಲ. ಹೆಂಡತಿಯ ಕಡೆ ನೋಡಿದೆ. "ಆಗ್ಲಿ, ನಡೀರಿ" ಎಂದು ಅವಳು ಒಂದು ಮಾತು ಅಂದರೆ ಸಾಕು, ವ್ಯಾನು ಎಳನೀರಿನವನ ಪಾಲು.

ಅವಳು ಎದ್ದು ಬಂದಳು. ಬಂದದ್ದು ರವೆ ಸೀಯುತ್ತಿದೆ ಎಂದು. ಅದನ್ನು ನೋಡಿಕೊಂಡು ಕೂರುವುದು ಅವಳ ಕೈಲಾಗದು. ನನ್ನಿಂದ ಸೌಟು ಕಿತ್ತುಕೊಂಡು ಅವರಿಗೆ ಹೇಳಿದಳು: "ಅಣ್ಣ, ಕೈ ತೆಗೀರಿ. ಒಲೆ ಹಚ್ಚಿರೋ ಮನೆ ಬಾಗಿಲಿಗೆ ಬಂದಿದೀರ. ಉಣ್ದೆ ಹೋಗೋ ಹಂಗಿಲ್ಲ."

"ಮನೆ ಎಲ್ಲವ್ವ?"

"ಈಗ ಕೈ ಹಾಕಿದ್ರಲ್ಲ, ಅದೇ ಅಡುಗೆಮನೆ."

ರೈತರು ಚಾಚಿದ ಕೈ ಹಿಂದಕ್ಕೆ ತೆಗೆದರು. ಊಟದ ಹೊತ್ತಿಗೆ ಬಾಗಿಲಿಗೆ ಬಂದು, ಮನೆಯಾಕೆ ಉಣ್ಣಿ ಅಂದ ಮೇಲೆ ಬೇಡವೆಂದು ಹೋಗುವುದು ಅವರಿಗೂ ಸಾಧ್ಯವಿರಲಿಲ್ಲ. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತರು.

ನಾನು ಇಟ್ಟಿದ್ದುದು ಎರಡೇ ತಟ್ಟೆ, ಇಬ್ಬರಿಗಾಗುವಷ್ಟೇ ರವೆ. ಉಪ್ಪಿಟ್ಟು ಅವಳೇ ಮಾಡಿ ಮುಗಿಸಿ ಅವರಿಗೆ ಎರಡು ಸಲ ಬಡಿಸಿದಳು. ತಾನೂ ಉಂಡಳು. ನಾನು ನಿಂತುಕೊಂಡೇ ಬಾಣಲೆಯ ತಳ ಕೆರೆದು ತಿಂದೆ. ನಲವತ್ತು ವರ್ಷ ಹನ್ನೆರಡೂವರೆಗೆ ಉಂಡವನ ವಾಚಿನಲ್ಲಿ ಒಂದೂ ಮುಕ್ಕಾಲು. ರೈತರು ಕೈ ತೊಳೆದು, "ಚೂರು ಸೀದದೆ, ಆದ್ರೂ ಚೆನ್ನಾಗದೆ ಕಣವ್ವ" ಎಂದು ಹೇಳಿ ಹೋದರು.

ವಾಪಸು ಬರುವಾಗ ಕೇಳಿದೆ, ಇದು ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು. ಅವಳು ಹೇಳಿದ್ದು ಇಷ್ಟು:

"ಇನ್ನೂ ನಾಕು ತಟ್ಟೆ ಇಡಿ. ಮನೆ ಅಂದ್ಮೇಲೆ ಯಾರಾದ್ರೂ ಬರ್ತಾನೇ ಇರ್ತಾರೆ. ಮತ್ತೆ, ನೀವು ರವೆ ಹುರೀಬೇಡಿ."

ಮಾರನೆಯ ದಿನ ಎಳನೀರಿನವನು ಬಂದಾಗ ಬಾಗಿಲಲ್ಲೇ ನಿಂತು, ವ್ಯಾನು ಕೊಡುವುದಿಲ್ಲವೆಂದು ಹೇಳಿ ಕಳಿಸಿದವಳೂ ಅವಳೇ.